ಕೋಲಾರ ಚಿನ್ನದ ಗಣಿ ಪ್ರದೇಶದ ಪರಂಪರೆ ನಡಿಗೆ

ಕೋಲಾರ ಚಿನ್ನದ ಗಣಿ ಪ್ರದೇಶದ ಪರಂಪರೆ ನಡಿಗೆ ಎಂದರೆ ಕರ್ನಾಟಕದ ಕೋಲಾರ ಜಿಲ್ಲೆಯ ಕೆಜಿಎಫ್ ಪಟ್ಟಣದಲ್ಲಿ, ಮುಚ್ಚಿಹೋಗಿರುವ ಚಿನ್ನದ ಗಣಿಗಳನ್ನೂ ಅವುಗಳ ಸುತ್ತ ಬೆಳೆದ ಕಾರ್ಮಿಕ ವಸತಿಗಳನ್ನೂ ಸ್ಥಳೀಯರ ಮಾರ್ಗದರ್ಶನದಲ್ಲಿ ಕಾಲ್ನಡಿಗೆಯಿಂದ ನೋಡುವ ಪ್ರವಾಸ. ಕೆಜಿಎಫ್ ಬೆಂಗಳೂರಿನಿಂದ ಸುಮಾರು 100 ಕಿ.ಮೀ. ಹಾಗೂ ಕೋಲಾರ ನಗರದಿಂದ ಸುಮಾರು 30 ಕಿ.ಮೀ. ದೂರದಲ್ಲಿದೆ. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಸುರಂಗಗಳಲ್ಲಿ ನೀರು ತುಂಬಿಕೊಂಡಿದ್ದು, ಒಳಗೆ ಇಳಿಯಲು ಅವಕಾಶವಿಲ್ಲ. ಆದ್ದರಿಂದ ಈ ನಡಿಗೆ ಸಂಪೂರ್ಣವಾಗಿ ನೆಲದ ಮೇಲಿನದು. ಗಣಿಯ ಬಾಯಿಗಳ ಮೇಲೆ ನಿಂತಿರುವ ಉಕ್ಕಿನ ಗೋಪುರಗಳು, ಸಯನೈಡ್ ದಿಬ್ಬಗಳು, ಬಂಗಲೆಗಳು, ಕಾರ್ಮಿಕರ ‘ಲೈನು’ಗಳು, ಚರ್ಚುಗಳು, ಗುಡಿಗಳು, ಬೌದ್ಧ ವಿಹಾರಗಳು ಮತ್ತು ಸ್ಮಾರಕಗಳು ಇದರ ವಸ್ತು.

ಬೆಂಗಳೂರಿನ ಪರಂಪರಾಸಕ್ತ ಗುಂಪುಗಳು ಇಲ್ಲಿಗೆ ಒಂದು ದಿನದ ಪ್ರವಾಸ ಏರ್ಪಡಿಸುವುದುಂಟು. ಅದಕ್ಕಿಂತ ಹೆಚ್ಚಾಗಿ ನಡೆಯುವುದು ಅನೌಪಚಾರಿಕ ನಡಿಗೆ: ಊರಿನಲ್ಲಿ ಪರಿಚಯವಿರುವ ಯಾರಾದರೊಬ್ಬರು, ಸಾಮಾನ್ಯವಾಗಿ ಗಣಿಯಲ್ಲಿ ದುಡಿದವರು ಅಥವಾ ಅವರ ಮಕ್ಕಳು, ಜೊತೆಗೆ ಬಂದು ತೋರಿಸುತ್ತಾರೆ. ಒಂದೇ ಊರಿನ ಕಥೆಯನ್ನು ಯಾರು ಹೇಳುತ್ತಾರೆ ಎಂಬುದರ ಮೇಲೆ ನಡಿಗೆಯ ದಾರಿಯೂ ಬದಲಾಗುತ್ತದೆ ಎಂಬುದು ಕೆಜಿಎಫ್‌ನ ವಿಶೇಷ.

ಹಿನ್ನೆಲೆ

ಈ ಭಾಗದಲ್ಲಿ ಪ್ರಾಚೀನ ಕಾಲದಿಂದಲೂ ಚಿನ್ನ ತೆಗೆಯುತ್ತಿದ್ದರು ಎಂಬುದಕ್ಕೆ ಹಳೆಯ ಗುಂಡಿಗಳೇ ಸಾಕ್ಷಿಯಾಗಿದ್ದವು. ಟಿಪ್ಪು ಸುಲ್ತಾನನ ಪತನದ ನಂತರ ಮೈಸೂರು ಸಂಸ್ಥಾನದ ಗಡಿಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರನ್, 1802ರಲ್ಲಿ ಚಿನ್ನದ ವದಂತಿ ಕೇಳಿ ಬಹುಮಾನ ಘೋಷಿಸಿದನು. ಹಳ್ಳಿಗರು ಎತ್ತಿನ ಗಾಡಿಯಲ್ಲಿ ಮಣ್ಣು ತಂದು ಅವನೆದುರೇ ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ಅವನ ವರದಿಯನ್ನು ಹಲವು ದಶಕಗಳ ನಂತರ ಓದಿದ ಐರಿಷ್ ಸೈನಿಕ ಮೈಕೆಲ್ ಫಿಟ್ಜೆರಾಲ್ಡ್ ಲ್ಯಾವೆಲ್, 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಗಣಿಗಾರಿಕೆಯ ಪರವಾನಗಿ ಪಡೆದನು. ಆದರೆ ಬಂಡವಾಳ ಸಾಲದೆ ಅದನ್ನು ಇತರರಿಗೆ ವಹಿಸಬೇಕಾಯಿತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಪ್ರವೇಶಿಸಿತು. 1880ರ ದಶಕದ ಮಧ್ಯಭಾಗದಲ್ಲಿ ಸಮೃದ್ಧವಾದ ಚಾಂಪಿಯನ್ ಪದರ ಸಿಕ್ಕಿದ ಮೇಲೆ ಇಲ್ಲಿನ ಚಿತ್ರವೇ ಬದಲಾಯಿತು. ಆ ಪದರದ ಜಾಡು ಹಿಡಿಯಲು ನೆರವಾದದ್ದು ಹಿಂದಿನವರು ತೋಡಿಬಿಟ್ಟಿದ್ದ ಗುಂಡಿಗಳೇ.

ದಕ್ಷಿಣದಿಂದ ಉತ್ತರಕ್ಕೆ ಒಂದೇ ಸಾಲಿನಲ್ಲಿ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಮತ್ತು ಬಾಲಘಾಟ್ ಗಣಿಗಳು ಬೆಳೆದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿ 30,000ಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಈ ಗಣಿಗಳಿಗಾಗಿಯೇ ಶಿವನಸಮುದ್ರದಲ್ಲಿ ಜಲವಿದ್ಯುತ್ ಕೇಂದ್ರ ನಿರ್ಮಾಣವಾಗಿ, 1902ರಲ್ಲಿ ಸುಮಾರು 148 ಕಿ.ಮೀ. ಉದ್ದದ ತಂತಿಯ ಮೂಲಕ ವಿದ್ಯುತ್ ಬಂದಿತು. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು ಅದಾದ ಮೂರು ವರ್ಷಗಳ ನಂತರ, 1905ರಲ್ಲಿ. ಗಣಿ ನಗರಕ್ಕೆ ಬೇತಮಂಗಲದ ಕೆರೆಯಿಂದ ಕುಡಿಯುವ ನೀರು ಬರುತ್ತಿತ್ತು.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಿಸಿತು. 1962ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ (ಬಿಜಿಎಂಎಲ್) ಸ್ಥಾಪನೆಯಾಯಿತು. ಅಷ್ಟರಲ್ಲಿ ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗಿಂತಲೂ ಆಳಕ್ಕೆ ಇಳಿದು ವಿಶ್ವದ ಅತ್ಯಂತ ಆಳದ ಗಣಿಗಳಲ್ಲಿ ಒಂದೆನಿಸಿತ್ತು, ಅದಿರಿನಲ್ಲಿ ಚಿನ್ನದ ಪ್ರಮಾಣ ಕುಸಿದಿತ್ತು. ಒಟ್ಟು 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ಗಣಿಗಳು ಮುಚ್ಚಿದಾಗ ಮೂರು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಕೆಲಸ ಕಳೆದುಕೊಂಡರು.

ಗಣಿ ಸಮುದಾಯ

ಗಣಿಯ ಕೆಲಸಗಾರರಲ್ಲಿ ಬಹುಪಾಲು ಜನ ಅಂದಿನ ಮದರಾಸು ಪ್ರಾಂತ್ಯದ ಉತ್ತರ ಆರ್ಕಾಟ್ ಹಾಗೂ ನೆರೆಯ ಜಿಲ್ಲೆಗಳಿಂದ ಬಂದ ತಮಿಳು ಮಾತನಾಡುವವರು. ಅವರಲ್ಲಿ ಹೆಚ್ಚಿನವರು ದಾಖಲೆಗಳಲ್ಲಿ ಆದಿದ್ರಾವಿಡರೆಂದು ಗುರುತಿಸಲಾದ, ಅಸ್ಪೃಶ್ಯತೆಗೆ ಗುರಿಯಾಗಿದ್ದ ಜಾತಿಗಳವರು. ಜಮೀನ್ದಾರರ ಹೊಲದ ಜೀತ ಮತ್ತು ಬರಗಾಲ ಎರಡರಿಂದಲೂ ತಪ್ಪಿಸಿಕೊಳ್ಳಲು ಗಣಿ ಒಂದು ದಾರಿಯಾಗಿತ್ತು. ಕೂಲಿ ನಗದಾಗಿ ಸಿಗುತ್ತಿತ್ತು. ಊರಿನ ಮೇಲ್ಜಾತಿಯವರ ಕಣ್ಗಾವಲು ಇರಲಿಲ್ಲ. ಚಿತ್ತೂರು ಕಡೆಯ ತೆಲುಗರು, ಸುತ್ತಲಿನ ಹಳ್ಳಿಗಳ ಕನ್ನಡಿಗರು, ಉರ್ದು ಮಾತನಾಡುವ ಮುಸ್ಲಿಮರು ಕೂಡ ಇದ್ದರು. ಮೇಲ್ವಿಚಾರಣೆಯ ಹುದ್ದೆಗಳಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿಗಾರರು, ಕೆಲವು ಇಟಾಲಿಯನ್ನರು ಮತ್ತು ಆಂಗ್ಲೋ ಇಂಡಿಯನ್ನರು ಇದ್ದರು.

ಕಂಪನಿಯು ಈ ಶ್ರೇಣಿಯನ್ನೇ ನೆಲದ ಮೇಲೆ ಬರೆದಿಟ್ಟಿತು. ಎತ್ತರದ, ಗಾಳಿಯಾಡುವ ಜಾಗಗಳಲ್ಲಿ ಹೂದೋಟಗಳ ನಡುವೆ ಅಧಿಕಾರಿಗಳ ಬಂಗಲೆಗಳು. ಅವುಗಳಿಗಿಂತ ಕೆಳಗೆ ಆಂಗ್ಲೋ ಇಂಡಿಯನ್ನರ ಮನೆಗಳು. ಗಣಿಯ ಬಾಯಿ, ಗಿರಣಿ ಮತ್ತು ಕಸದ ದಿಬ್ಬಗಳ ಪಕ್ಕದಲ್ಲಿ ಕಾರ್ಮಿಕರ ಲೈನುಗಳು. ಮೊದಲ ದಶಕಗಳಲ್ಲಿ ಕಾರ್ಮಿಕರ ಮನೆಗಳು ಬಿದಿರಿನ ತಟ್ಟಿಯವಾಗಿದ್ದವು. ಒಂದು ಕೋಣೆಯಲ್ಲಿ ಇಡೀ ಕುಟುಂಬ ವಾಸಿಸುತ್ತಿತ್ತು. ನೀರಿನ ನಲ್ಲಿಯೂ ಶೌಚಾಲಯವೂ ಸಾಮೂಹಿಕ. ಕೆಲವು ಲೈನುಗಳ ಒಣ ಶೌಚಾಲಯಗಳನ್ನು ಮನುಷ್ಯರೇ ಶುಚಿಗೊಳಿಸುವ ಪದ್ಧತಿ ಗಣಿ ಮುಚ್ಚಿ ಹತ್ತು ವರ್ಷವಾದ ಮೇಲೂ ಉಳಿದಿದ್ದುದು ಬೆಳಕಿಗೆ ಬಂದಿತ್ತು. ‘ಪುಟ್ಟ ಇಂಗ್ಲೆಂಡ್’ ಎಂದು ಕೆಜಿಎಫ್ ಅನ್ನು ವರ್ಣಿಸುವ ಬರಹಗಳು ಸಾಮಾನ್ಯವಾಗಿ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ, ಕ್ರಿಸ್‌ಮಸ್ ನೃತ್ಯ ಇವುಗಳನ್ನೇ ಹೇಳುತ್ತವೆ. ಆ ಹೆಸರು ಸುಳ್ಳಲ್ಲ; ಆದರೆ ಅದು ಪಟ್ಟಣದ ಒಂದು ಸಣ್ಣ ಭಾಗದ ಹೆಸರು.

ಗಣಿಯೊಳಗಿನ ಕೆಲಸ ಅಪಾಯದ್ದು. ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಒತ್ತಡದಿಂದ ಬಂಡೆಗಳು ಹಠಾತ್ತನೆ ಸಿಡಿಯುವ ‘ರಾಕ್ ಬರ್ಸ್ಟ್’ಗಳು ಅನೇಕರನ್ನು ಬಲಿ ತೆಗೆದುಕೊಂಡವು, ನೆಲದ ಮೇಲಿನ ಮನೆಗಳೂ ಆಗ ನಡುಗುತ್ತಿದ್ದವು. ಈ ಸಮಸ್ಯೆಯ ಅಧ್ಯಯನದ ಪರಂಪರೆಯಿಂದಲೇ 1988ರಲ್ಲಿ ಕೆಜಿಎಫ್‌ನಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿತು. ಸಿಡಿತಕ್ಕಿಂತ ನಿಧಾನವಾದ ಸಾವು ಸಿಲಿಕೋಸಿಸ್‌ನದು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ನೆಲೆಸಿ ಬರುವ ಈ ಕಾಯಿಲೆ, 1940ರ ದಶಕದಲ್ಲಿ ಪರೀಕ್ಷೆಗೊಳಗಾದ ಗಣಿ ಕಾರ್ಮಿಕರಲ್ಲಿ ಐವರಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿಯಲ್ಲಿ ಕಂಡುಬಂದಿತ್ತು.

ಸಂಸ್ಥಾನದ ಗಣಿ ಕಾನೂನಿನಡಿ, ಲೆಕ್ಕ ಕೊಡಲಾಗದ ಚಿನ್ನ ಅಥವಾ ಅದಿರು ಕೈಯಲ್ಲಿರುವುದೇ ಅಪರಾಧವಾಗಿತ್ತು. ಪಾಳಿ ಮುಗಿಸಿ ಮೇಲೆ ಬಂದವರನ್ನು ತಪಾಸಣೆ ಮಾಡಿಯೇ ಹೊರಗೆ ಬಿಡುತ್ತಿದ್ದರು. ಕಾರ್ಮಿಕರ ಬೆರಳಚ್ಚು ಪಡೆದು ನೋಂದಣಿ ಮಾಡುವ ಕ್ರಮವನ್ನು ವಿರೋಧಿಸಿ 1930ರಲ್ಲಿ ಸಾವಿರಾರು ಜನ ಮುಷ್ಕರ ಹೂಡಿದರು. ಆಗ ಅವರಿಗೆ ಸಂಘವಿರಲಿಲ್ಲ. 1940ರ ದಶಕದಲ್ಲಿ ಕಮ್ಯುನಿಸ್ಟರ ನೇತೃತ್ವದಲ್ಲಿ ಸಂಘಟನೆ ಬಲಗೊಂಡಿತು. 1946ರ ನವೆಂಬರ್‌ನಲ್ಲಿ ನಡೆದ ಪೊಲೀಸ್ ಗೋಲಿಬಾರಿನಲ್ಲಿ ಆರು ಕಾರ್ಮಿಕರು ಮೃತಪಟ್ಟರು. ಅವರ ಸ್ಮಾರಕವು ಇಂದಿಗೂ ಕಾರ್ಮಿಕ ಸಂಘಟನೆಗಳು ಸೇರುವ ಜಾಗ. ಈ ಕಾಲದ ವಿವರವಾದ ಅಧ್ಯಯನವನ್ನು ಇತಿಹಾಸಕಾರ್ತಿ ಜಾನಕಿ ನಾಯರ್ ತಮ್ಮ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ ಕೃತಿಯಲ್ಲಿ ಮಾಡಿದ್ದಾರೆ.

ಬೌದ್ಧ ಪರಂಪರೆ

ಕೆಜಿಎಫ್‌ನ ಸಾಂಸ್ಕೃತಿಕ ಇತಿಹಾಸದಲ್ಲಿ ಅತಿ ಕಡಿಮೆ ಪ್ರಚಾರ ಪಡೆದ ಭಾಗ ಇದು. ಮದರಾಸಿನಲ್ಲಿ ಅಯೋತಿದಾಸ ಪಂಡಿತರು (1845–1914) ಸ್ಥಾಪಿಸಿದ ಶಾಕ್ಯ ಬೌದ್ಧ ಸಂಘದ ಶಾಖೆಗಳು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲೇ ಮಾರಿಕುಪ್ಪಂ ಮತ್ತು ಚಾಂಪಿಯನ್ ರೀಫ್‌ಗಳಲ್ಲಿ ನೆಲೆಯೂರಿದ್ದವು. ಹಗಲು ಭೂಗರ್ಭದಲ್ಲಿ ದುಡಿದವರು ಸಂಜೆ ಸೇರಿ ಧರ್ಮಚರ್ಚೆ ನಡೆಸುತ್ತಿದ್ದರು, ಪತ್ರಿಕೆ ಓದಿಸಿ ಕೇಳುತ್ತಿದ್ದರು, ಶಾಲೆಗಳನ್ನು ನಡೆಸುತ್ತಿದ್ದರು. ಪಂಡಿತರ ‘ತಮಿೞನ್’ ಪತ್ರಿಕೆಯು ಅವರ ನಿಧನದ ನಂತರ ಕೆಲಕಾಲ ಕೆಜಿಎಫ್‌ನಿಂದಲೇ ಪ್ರಕಟವಾಯಿತು. ಡಾ. ಬಿ.ಆರ್. ಅಂಬೇಡ್ಕರ್ ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕರಿಸಿದ 1956ಕ್ಕಿಂತ ನಾಲ್ಕೈದು ದಶಕ ಮೊದಲೇ ಗಣಿ ಕಾರ್ಮಿಕರು ಆ ದಾರಿ ಹಿಡಿದಿದ್ದರು ಎಂಬುದು ಗಮನಾರ್ಹ. ಅಂಬೇಡ್ಕರ್ ಅವರು 1954ರಲ್ಲಿ ಕೆಜಿಎಫ್‌ಗೆ ಭೇಟಿ ನೀಡಿದ್ದರು. ನಡಿಗೆಯಲ್ಲಿ ಬಂಗಲೆಗಳಿಗೆ ಒಂದು ಗಂಟೆ ಕೊಡುವ ಪ್ರವಾಸಗಳು ವಿಹಾರಗಳಿಗೆ ಐದು ನಿಮಿಷವನ್ನೂ ಕೊಡದಿರುವುದು ಸಾಮಾನ್ಯ.

ನಡಿಗೆಯ ದಾರಿ

ನಡಿಗೆಯನ್ನು ರೈಲಿನಿಂದ ಆರಂಭಿಸುವುದು ಇತಿಹಾಸದ ದೃಷ್ಟಿಯಿಂದಲೂ ಸರಿ. ಬಂಗಾರಪೇಟೆಯು ಬೆಂಗಳೂರು–ಜೋಲಾರಪೇಟೆ ಮಾರ್ಗದ ಜಂಕ್ಷನ್. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನಿಂದ ‘ಬೌರಿಂಗ್‌ಪೇಟೆ’ ಎನಿಸಿದ್ದ ಈ ಊರು, ಹೊರಡುವ ಗಾಡಿಯ ಗುರಿಗೆ ಒಪ್ಪುವಂತೆ ಕನ್ನಡದ ನಾಲಿಗೆಯಲ್ಲಿ ಬಂಗಾರಪೇಟೆಯಾಗಿದೆ. (ತಿಳಿನೀರಿನಂತೆ ಕಾಣುವ ಖಾರದ ಪಾನಿಯ ಪಾನಿಪುರಿಗೂ ಊರು ಹೆಸರುವಾಸಿ, ಹಿಂದಿರುಗುವ ಪ್ರವಾಸಿಗರು ಇಲ್ಲಿ ಇಳಿಯದೇ ಹೋಗುವುದು ಕಡಿಮೆ.) ಇಲ್ಲಿಂದ ಕವಲೊಡೆಯುವ ಸುಮಾರು 16 ಕಿ.ಮೀ. ಉದ್ದದ ಹಳಿ 1890ರ ದಶಕದಲ್ಲಿ ಗಣಿಗಳಿಗಾಗಿ ಹಾಕಿದ್ದು. ಕೋರಮಂಡಲ್, ಬೆಮೆಲ್ ನಗರ, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿ ಅದು ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. ಬೆಳಗಿನ ಹೊತ್ತು ಎದುರಿನಿಂದ ಬರುವ ಗಾಡಿಗಳು ತುಂಬಿರುತ್ತವೆ. ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಜನ ದಿನವೂ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಹಿಂದಿರುಗುತ್ತಾರೆ. ನಡಿಗೆಗೆ ಬಂದವರು ಮೊದಲು ಕಾಣುವ ಕೆಜಿಎಫ್ ಇದೇ.

ಮಾರಿಕುಪ್ಪಂನಿಂದ ಉತ್ತರಕ್ಕೆ ನಡೆದರೆ ಮೈಸೂರು ಗಣಿ ಮತ್ತು ಚಾಂಪಿಯನ್ ರೀಫ್ ಪ್ರದೇಶಗಳು ಸಿಗುತ್ತವೆ. ಲೈನುಗಳ ಸಾಲು ಮನೆಗಳ ನಡುವಿನ ಕಿರುದಾರಿಯಲ್ಲಿ ಹೋಗುವಾಗ ಅಲ್ಲಲ್ಲಿ ಮಾರಿಯಮ್ಮನ ಗುಡಿ, ಸಣ್ಣ ಚರ್ಚು, ಅಂಬೇಡ್ಕರ್ ಪ್ರತಿಮೆ, ಪಕ್ಷಗಳ ಹಾಗೂ ಸಂಘಗಳ ಧ್ವಜಕಂಬಗಳು ಒಂದರ ಪಕ್ಕದಲ್ಲೊಂದು ನಿಂತಿರುವುದು ಕಾಣುತ್ತದೆ. ಆಡಿ ತಿಂಗಳಲ್ಲಿ ಮಾರಿಯಮ್ಮನಿಗೆ ಕೂಳು ಕಾಯಿಸಿ ಹಂಚುವ ತಮಿಳು ಆಚರಣೆ ಇಲ್ಲಿ ಉಳಿದಿದೆ. ಮನೆಗಳಲ್ಲಿ ಈಗಲೂ ಇರುವವರು ಹೆಚ್ಚಾಗಿ ಮಾಜಿ ಕಾರ್ಮಿಕರ ಕುಟುಂಬಗಳು. ಮನೆಗಳ ಹಕ್ಕುಪತ್ರಕ್ಕಾಗಿ ಅವರ ಬೇಡಿಕೆ ದೀರ್ಘಕಾಲದ್ದು. ಆದುದರಿಂದ ಇದು ವಸ್ತುಸಂಗ್ರಹಾಲಯವಲ್ಲ, ಜನರು ವಾಸಿಸುವ ಬೀದಿ. ಬಾಗಿಲಲ್ಲಿ ನಿಂತು ಒಳಗೆ ಕ್ಯಾಮೆರಾ ತೂರಿಸುವವರ ಬಗ್ಗೆ ಇಲ್ಲಿನವರ ಅಸಮಾಧಾನ ಸಹಜವಾದುದು.

ಚಾಂಪಿಯನ್ ರೀಫ್‌ನಲ್ಲಿ ವಿಜಯಮಾತೆಯ ಚರ್ಚ್ ಹಾಗೂ ಗಿಫರ್ಡ್ ಶಾಫ್ಟ್ ಮುಖ್ಯವಾದವು. ಶಾಫ್ಟ್ ಎಂದರೆ ಗಣಿಗೆ ಇಳಿಯುವ ನೇರ ಬಾವಿ. ಅದರ ಮೇಲಿನ ಉಕ್ಕಿನ ಗೋಪುರದ ಚಕ್ರಗಳ ಮೇಲೆ ಹಾದುಹೋಗುವ ಹಗ್ಗದಿಂದ ‘ಕೇಜ್’ ಎಂಬ ಪಂಜರ ಏರಿಳಿಯುತ್ತಿತ್ತು. ಇದೇ ಚಾಂಪಿಯನ್ ರೀಫ್‌ನ ಆಳದಲ್ಲಿ, ನೆಲದಿಂದ ಎರಡು ಕಿ.ಮೀ.ಗಿಂತಲೂ ಕೆಳಗೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳೊಡನೆ ನಡೆಸಿದ ಪ್ರಯೋಗದಲ್ಲಿ 1965ರಲ್ಲಿ ವಾಯುಮಂಡಲದ ನ್ಯೂಟ್ರಿನೊಗಳು ಪತ್ತೆಯಾದವು. ಬೇರೆ ಕಿರಣಗಳನ್ನು ತಡೆಯಲು ಅಷ್ಟು ದಪ್ಪದ ಬಂಡೆಯ ಹೊದಿಕೆ ಬೇಕಿತ್ತು, ಗಣಿ ಅದನ್ನು ಒದಗಿಸಿತು. ಉಪಕರಣಗಳನ್ನು ಆ ಆಳಕ್ಕೆ ಇಳಿಸಲು ಗಣಿಯ ಕೇಜುಗಳೂ ಗಣಿಯ ಕಾರ್ಮಿಕರೂ ಬೇಕಾಗಿದ್ದರು ಎಂಬುದು ಪ್ರಯೋಗದ ಕುರಿತ ಬರಹಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಊರಿಗಾಂ ಭಾಗದಲ್ಲಿ ಬಂಗಲೆಗಳು, ಕ್ಲಬ್ಬು ಮತ್ತು ಗಣಿ ಆಸ್ಪತ್ರೆಯ ಕಟ್ಟಡಗಳಿವೆ. ಒಂದು ಕಾಲದಲ್ಲಿ ಸುಸಜ್ಜಿತವೆಂದು ಹೆಸರಾಗಿದ್ದ ಆಸ್ಪತ್ರೆ ಗಣಿಯೊಂದಿಗೇ ನಿಂತುಹೋಯಿತು. ಅಲ್ಲಿಂದ ಪೂರ್ವಯೋಜಿತವಾಗಿ ನಿರ್ಮಿಸಿದ ವಾಣಿಜ್ಯ ಬಡಾವಣೆಯಾದ ರಾಬರ್ಟ್‌ಸನ್‌ಪೇಟೆಗೆ ಬರಬಹುದು. ಅದರ ನೇರ ಬೀದಿಗಳೂ ಎಂ.ಜಿ. ಮಾರುಕಟ್ಟೆಯೂ ಇಂದು ಪಟ್ಟಣದ ಕೇಂದ್ರ. ಹೊಂದಿಕೊಂಡಿರುವ ಆಂಡರ್ಸನ್‌ಪೇಟೆ ಮತ್ತೊಂದು ಜನವಸತಿ. ಮಾರುಕಟ್ಟೆಯಲ್ಲಿ ಒಬ್ಬ ವ್ಯಾಪಾರಿಯ ಬಾಯಲ್ಲಿ ತಮಿಳು, ಕನ್ನಡ, ತೆಲುಗು, ಉರ್ದು ಒಂದೇ ಮಾತಿನೊಳಗೆ ಬಂದುಹೋಗುವುದನ್ನು ಕೇಳಬಹುದು. ‘ಶಿಫ್ಟು’, ‘ಕೇಜು’, ‘ಮಿಲ್ಲು’ ಮೊದಲಾದ ಗಣಿಯ ಪದಗಳು ಹಿರಿಯರ ಮಾತಿನಲ್ಲಿ ಇನ್ನೂ ಇವೆ.

ಸಯನೈಡ್ ದಿಬ್ಬಗಳು

ಅದಿರನ್ನು ಹಿಟ್ಟಿನಂತೆ ಪುಡಿ ಮಾಡಿ, ಸಯನೈಡ್ ದ್ರಾವಣದಿಂದ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಪುಡಿಯನ್ನು ಗಿರಣಿಗಳ ಬಳಿಯೇ ಸುರಿಯಲಾಯಿತು. ನೂರಿಪ್ಪತ್ತು ವರ್ಷಗಳಲ್ಲಿ ಅದು ಹದಿಮೂರು ದಿಬ್ಬಗಳಾಗಿ, ಒಟ್ಟು ಮೂರು ಕೋಟಿ ಟನ್ನಿಗೂ ಮಿಕ್ಕಿ ಬೆಳೆದಿದೆ. ದೂರದಿಂದ ಮಸುಕು ಬಿಳುಪಿನ ಚಪ್ಪಟೆ ಗುಡ್ಡಗಳಂತೆ ಕಾಣುವ ಇವು ಪಟ್ಟಣದ ಗುರುತಾಗಿವೆ. ಬೇಸಿಗೆಯ ಗಾಳಿಗೆ ಪುಡಿ ಎದ್ದು ಮನೆಗಳ ಮೇಲೆ, ಅಡುಗೆಯ ಪಾತ್ರೆಗಳಲ್ಲಿ ಕೂರುತ್ತದೆ. ಕಲ್ಲಿನ ಸೂಕ್ಷ್ಮ ಧೂಳಾದುದರಿಂದ ಗಾಳಿ ಬೀಸುವ ಹೊತ್ತಿನಲ್ಲಿ ದಿಬ್ಬದ ಬಳಿ ಸುಳಿಯುವುದು ಒಳ್ಳೆಯದಲ್ಲ.

2018ರಲ್ಲಿ ಪ್ರಶಾಂತ್ ನೀಲ್ ನಿರ್ದೇಶನದ, ಯಶ್ ಅಭಿನಯದ ‘ಕೆ.ಜಿ.ಎಫ್’ ಚಲನಚಿತ್ರವೂ 2022ರಲ್ಲಿ ಅದರ ಎರಡನೆಯ ಭಾಗವೂ ಬಂದ ಮೇಲೆ ದಿಬ್ಬಗಳ ಮೇಲೆ ಛಾಯಾಚಿತ್ರ ತೆಗೆಸಿಕೊಳ್ಳಲು ಬರುವವರು ಹೆಚ್ಚಿದರು. ಚಿತ್ರದ ಸೆಟ್ಟನ್ನು ಇಲ್ಲಿಯೇ ಹಾಕಲಾಗಿತ್ತು. ಆದರೆ ಅದರ ಕಥೆಗೂ ಊರಿನ ಚರಿತ್ರೆಗೂ ಸಂಬಂಧವಿಲ್ಲ: ಚಿತ್ರದ ಗಣಿಯನ್ನು ಭೂಗತ ಕುಟುಂಬವೊಂದು ಗುಟ್ಟಾಗಿ ನಡೆಸುತ್ತದೆ, ಕಾರ್ಮಿಕರು ರಕ್ಷಕನೊಬ್ಬನಿಗಾಗಿ ಕಾಯುತ್ತಾರೆ, ನಿಜವಾದ ಗಣಿ ಲಂಡನ್ನಿನ ಷೇರುದಾರರದ್ದಾಗಿತ್ತು, ಕಾರ್ಮಿಕರು ತಾವೇ ಮುಷ್ಕರ ಹೂಡಿದವರು. ಪಾ. ರಂಜಿತ್ ಅವರ ತಮಿಳು ಚಿತ್ರ ‘ತಂಗಲಾನ್’ (2024) ಗಣಿಯ ಆರಂಭಕಾಲದ ದಲಿತ ಕಾರ್ಮಿಕರನ್ನು ಕಥೆಯ ಕೇಂದ್ರಕ್ಕೆ ತಂದಿತು. ಅದೂ ಕಲ್ಪನೆಯೇ, ಆದರೆ ಕಲ್ಪಿಸಿಕೊಂಡದ್ದು ಬೇರೆಯವರನ್ನು.

ಇತರ ಕಡೆಗಳಲ್ಲಿನ ನಡಿಗೆಗಳು

ಕೆಜಿಎಫ್‌ಗೆ ಮೇಲ್ವಿಚಾರಕರನ್ನು ಕಳಿಸಿದ ಕಾರ್ನ್‌ವಾಲ್‌ನ ಗಣಿ ಪ್ರದೇಶ, ಪಶ್ಚಿಮ ಡೆವನ್ ಸಹಿತವಾಗಿ, 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಪಾಳುಬಿದ್ದ ಎಂಜಿನ್ ಮನೆಗಳ ನಡುವೆ ಗುರುತು ಹಾಕಿದ ಕಾಲುದಾರಿಗಳಿವೆ. ಸಮುದಾಯವೇ ತನ್ನ ಕಥೆ ಹೇಳುವ ಮಾದರಿಗೆ ಅಮೆರಿಕದ ದಕ್ಷಿಣ ಕೆರೊಲಿನಾ ಮತ್ತು ಜಾರ್ಜಿಯಾ ಕರಾವಳಿಯ ದ್ವೀಪಗಳು ಉದಾಹರಣೆ. ಭತ್ತ ಮತ್ತು ಹತ್ತಿಯ ತೋಟಗಳಿಗೆ ಗುಲಾಮರಾಗಿ ತಂದ ಪಶ್ಚಿಮ ಆಫ್ರಿಕನ್ನರ ವಂಶಜರಾದ ಗುಲ್ಲಾ ಜನರು ಅಲ್ಲಿ ತಮ್ಮದೇ ಮಿಶ್ರಭಾಷೆ, ಅಡುಗೆ, ಬುಟ್ಟಿ ಹೆಣೆಯುವ ಕಲೆಗಳನ್ನು ಉಳಿಸಿಕೊಂಡಿದ್ದಾರೆ. ಅವರ ವಂಶಜರೇ ಮಾರ್ಗದರ್ಶಕರಾಗಿರುವ ಪ್ರವಾಸಗಳಲ್ಲಿ ಯಜಮಾನನ ಮಹಲಿಗಿಂತ ಪ್ರಾರ್ಥನಾ ಮಂದಿರ, ಸ್ಮಶಾನ ಮತ್ತು ಶಾಲೆ ಮೊದಲು ಬರುತ್ತವೆ. 2006ರಲ್ಲಿ ಅಮೆರಿಕದ ಸಂಸತ್ತು ಆ ಪ್ರದೇಶವನ್ನು ರಾಷ್ಟ್ರೀಯ ಪರಂಪರೆಯ ವಲಯವೆಂದು ಮಾನ್ಯ ಮಾಡಿತು. ಗಣಿ ಕಾರ್ಮಿಕರು ಗುಲಾಮರಾಗಿರಲಿಲ್ಲ, ಆದುದರಿಂದ ಹೋಲಿಕೆಗೆ ಮಿತಿ ಇದೆ. ಆದರೂ ದುಡಿದವರ ವಂಶಜರು ಇನ್ನೂ ಅದೇ ನೆಲದಲ್ಲಿದ್ದು, ಆ ನೆಲದ ಮೇಲಿನ ಹಕ್ಕು ಅಭದ್ರವಾಗಿರುವುದು ಎರಡೂ ಕಡೆ ಸಮಾನ.

ಸಂರಕ್ಷಣೆ ಮತ್ತು ಸಂದರ್ಶಕರಿಗೆ ಸೂಚನೆ

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಸಮೀಪದ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಶಿಲೆಗೆ ಸಿಕ್ಕಿದ ಮಾನ್ಯತೆ ಅದನ್ನು ತೋಡಿದವರ ಮನೆಗಳಿಗೆ ಸಿಕ್ಕಿಲ್ಲ. ಗಣಿ ಮುಚ್ಚಿದ ಬಳಿಕ ಯಂತ್ರಗಳು, ಕಬ್ಬಿಣ, ಮರದ ತೊಲೆಗಳು ಕಳವಾಗುತ್ತ ಬಂದಿವೆ. ಕಳವಿಗಾಗಿ ಹಳೆಯ ಶಾಫ್ಟುಗಳಿಗೆ ಇಳಿದವರು ಉಸಿರುಗಟ್ಟಿ ಸತ್ತ ಘಟನೆಗಳೂ ನಡೆದಿವೆ. ಬೇಲಿ ಇರಲಿ ಇಲ್ಲದಿರಲಿ, ಶಾಫ್ಟಿನ ಬಾಯಿಯ ಸಮೀಪ ಹೋಗಬಾರದು. ಬಿಜಿಎಂಎಲ್ ಆವರಣದೊಳಗಿನ ಕಟ್ಟಡಗಳನ್ನು ನೋಡಲು ಅನುಮತಿ ಬೇಕು. ಬಿಸಿಲು ಕಡಿಮೆ ಇರುವ ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ತಿಂಗಳುಗಳು ನಡಿಗೆಗೆ ಅನುಕೂಲ. ಮಾರ್ಗದರ್ಶಕರು ಹಿರಿಯರಾದರೆ ದಾರಿಯನ್ನು ಚಿಕ್ಕದಾಗಿಟ್ಟುಕೊಳ್ಳುವುದು ಸೌಜನ್ಯ. ಗಣಿಯ ಧೂಳು ಕುಡಿದ ಎದೆಗೆ ಏರುದಾರಿ ಕಷ್ಟ.

ದಿಬ್ಬಗಳ ಪುಡಿಯಲ್ಲಿ ಇನ್ನೂ ಅಲ್ಪ ಪ್ರಮಾಣದ ಚಿನ್ನ ಉಳಿದಿದೆ. ಸುಮಾರು ಸಾವಿರ ಎಕರೆಯಷ್ಟು ಹರಡಿರುವ ಹದಿಮೂರು ದಿಬ್ಬಗಳನ್ನು ಮತ್ತೆ ಸಂಸ್ಕರಿಸುವ ಕೇಂದ್ರ ಸರ್ಕಾರದ ಪ್ರಸ್ತಾವಕ್ಕೆ ಕರ್ನಾಟಕ ಸರ್ಕಾರ 2024ರಲ್ಲಿ ಒಪ್ಪಿಗೆ ನೀಡಿತು. ಉದ್ಯೋಗ ಮರಳಿ ಬಂದೀತೆಂಬ ನಿರೀಕ್ಷೆ ಲೈನುಗಳಲ್ಲಿದೆ. ಧೂಳು ಮತ್ತೆ ಏಳುವ ಭಯವೂ ಇದೆ. ಕೆಲಸ ಆರಂಭವಾದರೆ ನಡಿಗೆಯ ಈಗಿನ ದಾರಿಗಳಲ್ಲಿ ಕೆಲವು ಮುಚ್ಚಬೇಕಾಗುತ್ತದೆ.